ಕೆಳಗಿಳಿದ ಮೇಲೆ

ಪ್ರೀತಿಯ ಸುಧಿ,

ಕಾಗದ ಬಂತು. ಜಗಳವಾಡಿದವನ ಜೊತೆಗೇ ನಿನ್ನನ್ನು ಮೇಲಿನ ಹಿಮದ ಪೋಸ್ಟಿಗೆ ಹಾಕಿದ್ದಾರೆ ಅಂತ ತಿಳೀತು. ಉಳಿದದ್ದೆಲ್ಲ ಆಮೇಲೆ. "ಮೇಲೆ ಮೂರು ತಿಂಗಳು ಅವನ ಜೊತೆ ಹೇಗೋ ಕಳೀತೀನಿ ದೊಡ್ಡಪ್ಪ, ಕೆಳಗಿಳಿದ ಮೇಲೆ ಅವನು ಮತ್ತೆ ಅವನೇ ಅಲ್ವಾ?" ಅಂತ ಬರೆದಿದ್ದೀಯಲ್ಲ, ಆ ಸಾಲು ನಿದ್ದೆ ಕೆಡಿಸಿತು.

ಯುದ್ಧದಲ್ಲಿ ಶತ್ರುಗಳು ಒಂದೇ ಗುಡಿಸಲಲ್ಲಿ ಸಿಕ್ಕಿಕೊಳ್ಳುವ ಆ ನಾರ್ವೆ ಸಿನಿಮಾ ನೋಡಿ ಹೀಗನಿಸಿತು ಅಂದೆ. ನಿಜವಾಗಿ ನಡೆದದ್ದು ಇನ್ನೂ ಕಷ್ಟದ್ದು ಕಣೋ. 1940ರ ಏಪ್ರಿಲ್ 27. ಬ್ರಿಟಿಷರ ಸ್ಕ್ಯೂವಾ ವಿಮಾನ ಜರ್ಮನ್ನರ ಹೈಂಕೆಲ್ ಬಾಂಬರನ್ನು ಕೆಡವಿತು. ಆಮೇಲೆ ಆ ಸ್ಕ್ಯೂವಾದ್ದೇ ಇಂಜಿನ್ ಕೈಕೊಟ್ಟು ನಾರ್ವೆಯ ಗ್ರೋಟ್ಲಿ ಹತ್ತಿರ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿಯಿತು. ಅದರಲ್ಲಿದ್ದ ಪಾರ್ಟ್ರಿಡ್ಜ್, ಬೋಸ್ಟಾಕ್ ಇಬ್ಬರೂ ಒಂದು ಗುಡಿಸಲು ಸೇರಿದರು. ಅಲ್ಲಿಗೇ ಬಿದ್ದ ಹೈಂಕೆಲಿನ ಮೂವರು ಜರ್ಮನ್ನರೂ ಬಂದರು. ಕೆಡವಿದವರು ನಾವೇ ಅಂತ ಇವರು ಬಾಯಿಬಿಡಲಿಲ್ಲ. ವೆಲಿಂಗ್ಟನ್ ಬಾಂಬರಿನವರು ಅಂದರು. ಮರುದಿನ ನಾರ್ವೆಯ ಸ್ಕೀ ಗಸ್ತು ಬಂತು, ಜರ್ಮನ್ನರಲ್ಲಿ ಸ್ಟ್ರುಂಕ್ ಗುಂಡಿಗೆ ಸತ್ತ. ನಿನ್ನ ಭಯ ಸುಳ್ಳು ಅಂತ ಹೇಗೆ ಹೇಳಲಿ?

ನನಗೂ ಒಬ್ಬನಿದ್ದ. ಇಲ್ಲದ್ದು ಹೇಳಿ ನನ್ನ ರಜೆ ತಪ್ಪಿಸಿದವನು. ಅವನ ಜೊತೆಗೇ ಹಿಮದ ಪೋಸ್ಟಿಗೆ ಹಾಕಿದರು. ಸೀಮೆಎಣ್ಣೆ ಸ್ಟೌವಿನ ಮಸಿಗೆ ಇಬ್ಬರ ಉಗುಳೂ ಕಪ್ಪು. ಒಂದು ರಾತ್ರಿ ನನ್ನ ಬೆರಳು ಮರಗಟ್ಟಿತು. ಅವನು ಏನೂ ಮಾತಾಡದೆ ನನ್ನ ಕೈ ಎಳೆದು ತನ್ನ ಕಂಕುಳಲ್ಲಿ ಇಟ್ಟುಕೊಂಡ. ಹಾಗೇ ಕೂತು ತೂಕಡಿಸಿದ.

ಕೆಳಗಿಳಿದ ದಿನ ಹೆಲಿಪ್ಯಾಡಿನಲ್ಲಿ ಅವನು ಕೈ ಎತ್ತಿದ. ನಾನು ಬ್ಯಾಗಿನ ಪಟ್ಟಿ ಬಿಗಿ ಮಾಡುವವನ ಹಾಗೆ ಬಗ್ಗಿದೆ. ಸುತ್ತ ನಮ್ಮವರಿದ್ದರು, ನೋಡು. ಮತ್ತೆ ಹಳೆಯವನಾದದ್ದು ಅವನಲ್ಲ ಸುಧಿ, ನಾನು.

ನೀನು ಅವನ ಬಗ್ಗೆ ಮಾತ್ರ ಕೇಳಿದೀಯ, ಅಲ್ವಾ?

ಬುದ್ಧಿ ಹೇಳೋಕೆ ನನಗೇನು ಯೋಗ್ಯತೆ. ಆದ್ರೂ, ಸ್ಟೌ ಉರಿಯುವಾಗ ಗಾಳಿಗೆ ಕಿಂಡಿ ಬಿಡಿ. ಕೈಗವಸು ಒದ್ದೆಯಾದರೆ ಆಗಲೇ ಬದಲಿಸು. ಬೆರಳು ಮರಗಟ್ಟಿದರೆ ಹಿಮದಲ್ಲಿ ಉಜ್ಜಬೇಡ, ಆ ಕಾಲದಲ್ಲಿ ಹಾಗೆ ಮಾಡಿ ಕೆಡಿಸಿಕೊಂಡವರಿದ್ದಾರೆ. ಹಳೇ ಜಗಳದ ಮಾತು ಮೊದಲ ವಾರವೇ ತೆಗೀಬೇಡ. ಇದೆಲ್ಲ ನಿಮಗೆ ಹೇಳಿಕೊಟ್ಟೇ ಇರ್ತಾರೆ, ಸುಮ್ನೆ ಬರೆದೆ.

ಅಂದಹಾಗೆ ಪಾರ್ಟ್ರಿಡ್ಜ್ 1977ರಲ್ಲಿ ಆ ಜರ್ಮನ್ ಪೈಲಟ್ ಶೋಪಿಸ್‌ಗೆ ಫೋನ್ ಮಾಡಿದನಂತೆ. ಮೂವತ್ತೇಳು ವರ್ಷ! ಆಮೇಲೆ ಸ್ನೇಹಿತರಾದರು.

ನನ್ನವನು ಎರಡು ಕಾಗದ ಬರೆದಿದ್ದ. ಎರಡನೆಯದು ಟ್ರಂಕಿನಲ್ಲಿದೆ, ವಿಳಾಸ ಇನ್ನೂ ಓದಲು ಬರುತ್ತೆ. ಈ ಕಾಗದಕ್ಕೆ ಕವರ್ ತರುವಾಗ ಎರಡು ತಂದೆ. ಇನ್ನೊಂದರ ಮೇಲೆ ಹೆಸರಷ್ಟೇ ಬರೆದಿದ್ದೇನೆ.

ನಿನ್ನ ದೊಡ್ಡಪ್ಪ