ಸೈಕಲ್ ಹುಡುಗರಿಗೆ ಸಾವಿರ ಮಿಲಿಗ್ರಾಂ ಯಾಕೆ?

ಮಾನ್ಯ ಸಂಪಾದಕರೇ,

ದಿನಾ ಬೆಳಿಗ್ಗೆ ಐದಕ್ಕೆ ನನ್ನ ಮಗ ಸೈಕಲ್ ತೆಗೆದು ಹುಮನಾಬಾದ್ ರಸ್ತೆ ಹಿಡಿಯುತ್ತಾನೆ. ಹೊರಡುವ ಮುಂಚೆ ಸ್ಟೀಲ್ ಲೋಟದ ನೀರಿಗೆ ಒಂದು ದಪ್ಪ ಗುಳಿಗೆ ಹಾಕುತ್ತಾನೆ. ಅದು ಸುಂಯ್ ಅಂತ ನೊರೆ ಎಬ್ಬಿಸಿ ನೀರನ್ನೆಲ್ಲ ಕಿತ್ತಳೆ ಬಣ್ಣ ಮಾಡುತ್ತದೆ. ವಿಟಮಿನ್ ಸಿ, 1000 ಮಿಲಿಗ್ರಾಂ. ಜೊತೆಗೆ ವಿಟಮಿನ್ ಇ ಕ್ಯಾಪ್ಸೂಲ್ ಒಂದು. 'ಆ್ಯಂಟಿಆಕ್ಸಿಡೆಂಟ್ ಇದು, ದಮ್ಮು ಹೆಚ್ಚುತ್ತದೆ, ಕಾಲು ನೋಯಲ್ಲ' ಅಂತ ಅಂಗಡಿಯವರು ಹೇಳಿ ಕೊಟ್ಟದ್ದು. ಅವನ ಜೊತೆ ತುಳಿಯುವ ಹುಡುಗರೂ ಇದನ್ನೇ ಕುಡಿಯುತ್ತಾರೆ. ಅದಕ್ಕೇ ಈ ಪತ್ರ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ವಯಸ್ಕ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ವಿಟಮಿನ್ ಸಿ ಸಾಕು. ಆ ಲೋಟದಲ್ಲಿ ಅದರ ಹನ್ನೆರಡು ಪಟ್ಟು ಇದೆ.

ಜೋರಾಗಿ ತುಳಿದಾಗ ಸ್ನಾಯುವಿನಲ್ಲಿ, ಜೀವಕೋಶಕ್ಕೆ ಪೆಟ್ಟು ಕೊಡಬಲ್ಲ ಕಣಗಳಾದ ಫ್ರೀ ರ್‍ಯಾಡಿಕಲ್‌ಗಳು ಹುಟ್ಟುತ್ತವೆ, ನಿಜ. ಅವನ್ನು ಅಳಿಸುವುದೇ ಆ್ಯಂಟಿಆಕ್ಸಿಡೆಂಟ್ ಕೆಲಸ, ಎಲ್ಲವನ್ನೂ ಅಳಿಸಿಬಿಡಬೇಕು ಅನ್ನೋದು ಮಾರುವವರ ಮಾತು. ಆದರೆ 'ಕೆಲಸ ಜಾಸ್ತಿಯಾಗಿದೆ, ಇನ್ನಷ್ಟು ಮೈಟೊಕಾಂಡ್ರಿಯ ಬೇಕು' ಅಂತ ಸ್ನಾಯುವಿಗೆ ಸುದ್ದಿ ಮುಟ್ಟಿಸುವುದರಲ್ಲಿ ಅವುಗಳ ಪಾಲೂ ಇದೆ. ಮೈಟೊಕಾಂಡ್ರಿಯ ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಾಗುವ ಜಾಗ. ದಿನಾ ತುಳಿಯುವವರ ಮೈ ಈ ಕಣಗಳ ವಿರುದ್ಧ ತನ್ನ ಕಾವಲನ್ನೂ ತಾನೇ ಗಟ್ಟಿ ಮಾಡಿಕೊಳ್ಳುತ್ತದೆ. ಸುದ್ದಿ ಮುಟ್ಟುವ ಮುಂಚೆಯೇ ಅಳಿಸಿದರೆ ಬೆವರು ಸುರಿಸಿ ಏನು ಬಂತು?

ನಾರ್ವೆಯಲ್ಲಿ 54 ಯುವಕ ಯುವತಿಯರಿಗೆ 11 ವಾರ ತರಬೇತಿ ಕೊಟ್ಟು ನೋಡಿದರು. ಅರ್ಧ ಜನಕ್ಕೆ ದಿನಕ್ಕೆ 1000 ಮಿಲಿಗ್ರಾಂ ಸಿ, 235 ಮಿಲಿಗ್ರಾಂ ಇ. 2014ರಲ್ಲಿ ಫಲಿತಾಂಶ ಬಂತು. ಗುಳಿಗೆ ನುಂಗಿದವರ ಓಟ ಉಳಿದವರಿಗಿಂತ ಚೆನ್ನಾಗೇನೂ ಆಗಿರಲಿಲ್ಲ. ಸ್ನಾಯುವಿನೊಳಗೆ ಮೈಟೊಕಾಂಡ್ರಿಯ ಹೆಚ್ಚುವ ಗುರುತು ಮಾತ್ರ ಅವರಲ್ಲಿ ಮಂಕಾಗಿತ್ತು. ಡೆನ್ಮಾರ್ಕಿನಲ್ಲಿ ಇನ್ನೂ ಮುಂಚೆ, ಇವೇ ಎರಡು ವಿಟಮಿನ್ ಕೊಟ್ಟು, ವಾರಕ್ಕೆ 5 ದಿನದಂತೆ 12 ವಾರ ಸೈಕಲ್ ತುಳಿಸಿ ನೋಡಿದ್ದರು. ಅಲ್ಲಿ ನಷ್ಟವೂ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ಲಾಭವೇ ಇಲ್ಲದ್ದಕ್ಕೆ ಹುಡುಗರು ತಿಂಗಳ ಖರ್ಚಿನ ದುಡ್ಡು ಸುರಿಯಬೇಕಾ?

ಮೈಯಲ್ಲಿ ಕೊರತೆ ಇದೆ ಅಂತ ಡಾಕ್ಟರು ಬರೆದುಕೊಟ್ಟರೆ ತಗೊಳ್ಳಲಿ, ಅದು ಬೇರೆ ಮಾತು. ಉಳಿದವರಿಗೆ ನಮ್ಮ ಊಟ ಇದೆಯಲ್ಲ. ಒಂದು ಪೇರಲ ಹಣ್ಣು ತಿಂದರೆ ದಿನದ ವಿಟಮಿನ್ ಸಿ ಆಗಿಹೋಯಿತು. ಜೋಳದ ರೊಟ್ಟಿ ಜೊತೆ ತಿನ್ನುವ ಶೇಂಗಾ ಹಿಂಡಿಯಲ್ಲಿ ವಿಟಮಿನ್ ಇ ಇದೆ. ಪುಂಡಿಪಲ್ಯ, ತೊಗರಿ ಬೇಳೆ, ಮೇಲೊಂದಿಷ್ಟು ನಿಂಬೆಹಣ್ಣು. ಕಲಬುರಗಿ ಬಿಸಿಲಲ್ಲಿ ತುಳಿಯುವ ಹುಡುಗನಿಗೆ ನೀರು, ಉಪ್ಪು, ನಿದ್ದೆ ಮೊದಲು ಬೇಕು. ಅದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಮಗನನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಡಬ್ಬಿಯಲ್ಲಿ ಉಳಿದ ಆರು ಗುಳಿಗೆ ಮುಗಿದ ಮೇಲೆ ಮತ್ತೆ ತರಲ್ಲ ಅಂದಿದ್ದಾನೆ. ಆದರೆ ಉಳಿದ ಹುಡುಗರ ಮನೆಗೆಲ್ಲ ನಾನು ಹೋಗಿ ಹೇಳಲು ಆಗುವುದಿಲ್ಲ, ನಿಮ್ಮ ಪತ್ರಿಕೆ ಹೋಗುತ್ತದೆ. ಕ್ರೀಡಾಕೂಟಗಳು ಶುರುವಾಗುವ ಮುಂಚೆ, ಆಟಗಾರರ ಊಟದ ಬಗ್ಗೆ ತಿಳಿದ ಡಾಕ್ಟರೊಬ್ಬರಿಂದ ಜಿಲ್ಲಾ ಪುಟದಲ್ಲಿ ಒಂದು ಲೇಖನ ಬರೆಸಿ. ತರಬೇತುದಾರರೂ ಓದುವಂತೆ ಸ್ವಲ್ಪ ದೊಡ್ಡದಾಗಿಯೇ ಹಾಕಿ.

– ಸೈಕಲ್ ಹುಡುಗನೊಬ್ಬನ ತಂದೆ, ಕಲಬುರಗಿ