ನಿನ್ನ ತಟ್ಟೆ ಯಾಕೆ ಇಷ್ಟು ಬಿಳಿ?

ಉಡುಪಿ, ಭಾನುವಾರ

ಪ್ರೀತಿಯ ಮಗಳೇ,

ನಿನ್ನೆ ನೀನು ಕಳಿಸಿದ ಊಟದ ಫೋಟೋ ನೋಡಿದೆ. ಬೆಳ್ತಿಗೆ ಅನ್ನ, ಬಟಾಟೆ ಪಲ್ಯ, ಮೊಸರು, ಹಪ್ಪಳ. ಹಿಮೋಗ್ಲೋಬಿನ್ ಕಮ್ಮಿ ಉಂಟು ಅಂತ ಡಾಕ್ಟರು ಹೇಳಿ ಇನ್ನೂ ತಿಂಗಳಾಗಿಲ್ಲ, ಅಲ್ವಾ? ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂತ ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಬಿಡಬೇಡ. ಬರೀ ಸೊಪ್ಪಿನಲ್ಲಿ ಎಲ್ಲ ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಕೆಂಪಗೆ ಉಂಟು, ರಕ್ತ ಆಗುತ್ತದೆ ಅಂತ ದಿನಾ ಬೀಟ್‌ರೂಟ್ ಜ್ಯೂಸ್ ಕುಡಿಯುತ್ತಿದ್ದೀಯಂತೆ. ಬೀಟ್‌ರೂಟ್ ಒಳ್ಳೆಯದೇ, ಅದರಲ್ಲಿ ಕಬ್ಬಿಣ ಮಾತ್ರ ಅಷ್ಟೇನೂ ಇಲ್ಲ ಮಾರಾಯ್ತಿ. ಹರಿವೆ ಸೊಪ್ಪಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ.

ಕೆಂಪು ಹರಿವೆ ನೆನಪುಂಟಾ? ಕಲಸಿದರೆ ಅನ್ನ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ ಅಂತ ಸಣ್ಣವಳಿರುವಾಗ ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದೆ. ಎಲೆ ಸಣ್ಣಗೆ ಹೆಚ್ಚು, ಎಳೆ ದಂಟನ್ನು ಬಿಸಾಡಬೇಡ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಮಾಡಿ ಸೊಪ್ಪು ಹಾಕು, ಅದೇ ನೀರು ಬಿಡುತ್ತದೆ, ಬೇರೆ ನೀರು ಬೇಡ. ಐದಾರು ನಿಮಿಷ ಸಾಕು. ಒಂದು ಹಿಡಿ ಕಾಯಿತುರಿ ಹಾಕಿ, ಒಲೆ ಆರಿಸಿದ ಮೇಲೆ ಅರ್ಧ ಲಿಂಬೆ ಹಿಂಡು. ಲಿಂಬೆ ಬರೀ ರುಚಿಗಲ್ಲ. ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯಲಿಕ್ಕೆ ಸಿ ವಿಟಮಿನ್ ಸಹಾಯ ಮಾಡುತ್ತದೆ. ಚಾ ಅದಕ್ಕೆ ಅಡ್ಡ ಬರುತ್ತದೆ, ಹಾಗಾಗಿ ಉಂಡ ಕೂಡಲೇ ಚಾ ಬೇಡ, ಒಂದು ಗಂಟೆ ಬಿಟ್ಟು ಕುಡಿ.

ಸಿಹಿಗುಂಬಳ, ಕ್ಯಾರೆಟ್, ಪಪ್ಪಾಯಿ ಇವುಗಳಿಗೆ ಆ ಹಳದಿ ಕೇಸರಿ ಬಣ್ಣ ಕೊಡುವ ಬೀಟಾ ಕೆರೋಟಿನ್ ನಮ್ಮ ಮೈಯೊಳಗೆ ಎ ವಿಟಮಿನ್ ಆಗುತ್ತದೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು. ದಪ್ಪ ಆಗುತ್ತೇನೆ ಅಂತ ಎಣ್ಣೆ, ಕಾಯಿ ಏನೂ ಹಾಕದೆ ಸುಮ್ನೆ ಬೇಯಿಸಿ ತಿಂದರೆ ಅದರಲ್ಲಿ ಹೆಚ್ಚಿನ ಪಾಲು ನಿನಗೆ ದಕ್ಕುವುದೇ ಇಲ್ಲ. ಕಾಯಿ ಅರೆದು ಹಾಕಿ ಗುಂಬಳದ ಹುಳಿ ಮಾಡು.

ಅನ್ನಕ್ಕೆ ಕೆಂಪು ಕುಚ್ಚಲಕ್ಕಿ ತಾ. ಆ ಕೆಂಪು ಇರುವುದು ತೌಡಿನಲ್ಲಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡೇ ಹೋಗಿರುತ್ತದೆ, ಅದರ ಜೊತೆ ನಾರು, ಬಿ ವಿಟಮಿನ್‌ಗಳೂ ಹೋಗುತ್ತವೆ. ಬೇಯಲಿಕ್ಕೆ ಹೊತ್ತು ಹಿಡಿಯುತ್ತದೆ ನಿಜ, ರಾತ್ರಿಯೇ ನೆನೆಹಾಕಿ ಕುಕ್ಕರಿನಲ್ಲಿಡು.

ಎಷ್ಟು ತಿನ್ನಬೇಕು ಅಂತ ಕೇಳಿದ್ದೆ. ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಟಾಟೆ ಆ ಲೆಕ್ಕಕ್ಕೆ ಬರುವುದಿಲ್ಲ, ಇದನ್ನು ಎರಡು ಸಲ ಓದು. ಹಣ್ಣನ್ನು ಜ್ಯೂಸ್ ಮಾಡದೆ ಹಾಗೇ ತಿನ್ನು, ನಾರು ಹೊಟ್ಟೆಗೆ ಹೋಗಲಿ.

ನಾಳೆ ದೊಡ್ಡಪ್ಪ ಮಂಗಳೂರಿಗೆ ಬರುತ್ತಾರೆ. ಅವರ ಕೈಯಲ್ಲಿ ಎರಡು ಕಟ್ಟು ಹರಿವೆ, ಗೇಣುದ್ದದ ನಾಲ್ಕು ಬಸಳೆ ದಂಟು ಕಳಿಸುತ್ತೇನೆ. ಹರಿವೆ ನಾಳೆಯೇ ಮಾಡು, ಬಾಡಲಿಕ್ಕೆ ಬಿಡಬೇಡ. ಬಸಳೆ ದಂಟನ್ನು ಬಾಲ್ಕನಿಯ ಒಡೆದ ಬಕೆಟಿನಲ್ಲಿ ಮಣ್ಣು ತುಂಬಿ ಊರು, ಎರಡು ಗಂಟು ಮಣ್ಣೊಳಗೆ ಇರಲಿ. ಬಳ್ಳಿ ಹಬ್ಬಲಿಕ್ಕೆ ಕಿಟಕಿಗೆ ಒಂದು ಹಗ್ಗ ಕಟ್ಟು.

ನಿನ್ನ ದೊಡ್ಡಮ್ಮ