ಬ್ರಾಂಡ್ ಹೆಸರಿಗಿಂತ ಮೊದಲು ಬೋಲ್ಟ್ ನೋಡಿ

ಸಂಪಾದಕರೇ,

ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಬೇಸಿಗೆ ರಜೆಯಲ್ಲಿ ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್‌ಗೆ ಹೋಗುತ್ತಾರೆ. ಈಗ ಕೆಲವರಿಗೆ ವಿಂಗ್ ಫಾಯಿಲಿಂಗ್ ಹುಚ್ಚು ಹಿಡಿದಿದೆ. ಕೈಯಲ್ಲಿ ಗಾಳಿ ತುಂಬಿದ ರೆಕ್ಕೆ, ಕಾಲಡಿ ಬೋರ್ಡ್, ಅದರ ಕೆಳಗೆ ನೀರೊಳಗೆ ಫಾಯಿಲ್, ಅಂದರೆ ಕಂಬದ ತುದಿಯಲ್ಲಿ ವಿಮಾನದ್ದರಂಥ ಪುಟ್ಟ ರೆಕ್ಕೆಗಳು. ವೇಗ ಸಿಕ್ಕಿದ ಕೂಡಲೇ ಬೋರ್ಡ್ ನೀರು ಬಿಟ್ಟು ಮೇಲೇಳುತ್ತದೆ. ನೋಡಲು ಬಹಳ ಚೆಂದ.

ಕುಶಾಲನಗರದಲ್ಲಿ ನನ್ನದು ವರ್ಕ್‌ಶಾಪ್. ಪಲ್ಪರ್, ಸ್ಪ್ರೇಯರ್, ವೀಡ್ ಕಟರ್ ರಿಪೇರಿ ಮಾಡುತ್ತೇನೆ. ಮೊನ್ನೆ ಸೋಮವಾರಪೇಟೆ ಕಡೆಯ ಹುಡುಗನೊಬ್ಬ ಎರಡು ಬ್ರಾಂಡಿನ ಸೆಕೆಂಡ್ ಹ್ಯಾಂಡ್ ಫಾಯಿಲ್ ಸಾಮಾನು ತಂದು, ‘ಅಣ್ಣಾ, ತೂತು ಹೊಡೆದು ಕೂರಿಸಿಕೊಡಿ’ ಎಂದ. ಆಗಲ್ಲ ಅಂದೆ. ಮನುಷ್ಯನ ಪೂರ್ತಿ ಭಾರ ಆ ನಾಲ್ಕಾರು ಬೋಲ್ಟಿನ ಮೇಲೆ ಬೀಳುತ್ತದೆ. ಕಾರ್ಬನ್ ಫೈಬರ್‌ಗೆ ಸಿಕ್ಕಲ್ಲಿ ಕೊರೆದರೆ ಒಳಗಿನ ಎಳೆಗಳೇ ಕಡಿದುಹೋಗುತ್ತವೆ.

ಫಾಯಿಲ್ ಬ್ರಾಂಡುಗಳಲ್ಲಿ ಆಕ್ಸಿಸ್, ಆರ್ಮ್‌ಸ್ಟ್ರಾಂಗ್ ನ್ಯೂಜಿಲ್ಯಾಂಡಿನವು, ಎಫ್-ಒನ್ ಫ್ರಾನ್ಸಿನದು, ನೈಶ್ ಹವಾಯಿಯದು. ಎಲ್ಲವೂ ಒಳ್ಳೆಯವೇ. ವಿಡಿಯೋ ನೋಡಿ ಯಾವುದು ಬೆಸ್ಟ್ ಅಂತ ಸುಮ್ನೆ ಜಗಳ ಬೇಡ. ಬೋರ್ಡಿಗೆ ಮಾಸ್ಟ್ (ನೀರೊಳಗೆ ಇಳಿಯುವ ಕಂಬ) ಕೂರುವ ಜಾಗ ಹೆಚ್ಚಿನವರದ್ದು ಒಂದೇ ಥರ, 90 ಮಿ.ಮೀ. ಅಂತರದ ಎರಡು ಟ್ರ್ಯಾಕ್. ಅದರ ಕೆಳಗಿನ ಮಾಸ್ಟ್, ಫ್ಯೂಸಲಾಜ್ (ಮಾಸ್ಟಿನ ತುದಿಗೆ ಅಡ್ಡ ಕೂರುವ ದಂಡ), ಮುಂದಿನ ರೆಕ್ಕೆ, ಸ್ಟೆಬಿಲೈಸರ್ (ಹಿಂದಿನ ಚಿಕ್ಕ ರೆಕ್ಕೆ) ಮಾತ್ರ ಒಬ್ಬೊಬ್ಬರದು ಒಂದೊಂದು ಅಳತೆ. ಒಂದೇ ಕಂಪನಿಯ ಹಳೇ ಸೀರೀಸ್ ಹೊಸದಕ್ಕೆ ಕೂರದಿರುವುದೂ ಉಂಟು.

ಕಲಿಯುವಾಗ 70–80 ಕಿಲೋ ತೂಕದವರಿಗೆ 1600ರಿಂದ 2000 ಚದರ ಸೆಂ.ಮೀ. ಮುಂದಿನ ರೆಕ್ಕೆ ಬೇಕು. ದೊಡ್ಡದಿದ್ದರೆ ಕಡಿಮೆ ವೇಗದಲ್ಲೇ ಎತ್ತುತ್ತದೆ. ಕಲಿತ ಮೇಲೆ ಚಿಕ್ಕದು ಬೇಕೆನಿಸುತ್ತದೆ. ಆಗ ಮಾಸ್ಟ್ ಯಾವ ಕಂಪನಿಯದ್ದೋ ರೆಕ್ಕೆಯೂ ಅದರದ್ದೇ ಆಗಬೇಕು. ಹಾಗಾಗಿ ನಿಮಗೆ ಕಲಿಸುವವರ ಹತ್ತಿರ ಇರುವ ಬ್ರಾಂಡನ್ನೇ ತಗೊಳ್ಳಿ. ಒಂದು ಬೋಲ್ಟ್ ಕಳೆದರೂ ಅವರ ಡಬ್ಬಿಯಲ್ಲಿ ಸಿಗುತ್ತದೆ, ಅಲ್ವಾ?

ಮೊದಲಿಗೆ ಅಲ್ಯೂಮಿನಿಯಂ ಮಾಸ್ಟ್ ಸಾಕು. ಕಾರ್ಬನ್ ಹಗುರ, ಆದರೆ ರೇಟು ಜಾಸ್ತಿ. ಅಲ್ಯೂಮಿನಿಯಂಗೆ ಆರೈಕೆ ಮಾತ್ರ ಬೇಕೇ ಬೇಕು. ಆ ಹುಡುಗ ತಂದ ಮಾಸ್ಟಿನ ಬುಡದಲ್ಲಿ ಬೋಲ್ಟ್ ಸುತ್ತ ಬಿಳಿ ಹುಡಿ ಕಟ್ಟಿತ್ತು. ಬೋಲ್ಟ್ ಹಿಡಿದುಕೊಂಡಿತ್ತು, ತಲೆಯ ಗುಳಿ ಸವೆದು ಕೀ ಜಾರುತ್ತಿತ್ತು. ಸ್ಟೀಲ್ ಬೋಲ್ಟ್ ಇರುವ ಕಡೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಕಡಲಿಂದ ಎದ್ದ ದಿನವೇ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ, ಥ್ರೆಡ್‌ಗೆ ಟೆಫ್-ಜೆಲ್ ಥರದ, ತುಕ್ಕು ತಡೆಯುವ ಪೇಸ್ಟ್ ಹಚ್ಚಿ. ಸಂಪಾಜೆ ಘಾಟಿ ಹತ್ತಿ ಮನೆಗೆ ಬಂದ ಮೇಲೆ ನೋಡೋಣ ಅನ್ನಬೇಡಿ.

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯವರು ಕೊಳ್ಳುವ ಮೊದಲು ಮಾತಾಡಿಕೊಂಡು ಒಂದೇ ಬ್ರಾಂಡ್, ಒಂದೇ ಸೀರೀಸ್ ಗೊತ್ತು ಮಾಡಿಕೊಳ್ಳಿ ಎಂದು ನನ್ನ ಕೋರಿಕೆ. ಒಬ್ಬರು 1800ರ ರೆಕ್ಕೆ, ಇನ್ನೊಬ್ಬರು 1300ರದ್ದು ತಂದರೆ ಇಬ್ಬರಿಗೂ ಎರಡೂ ಸಿಗುತ್ತವೆ.

— ಒಬ್ಬ ಮೆಕ್ಯಾನಿಕ್, ಕುಶಾಲನಗರ